ಶಿಂಗರಪಾಳಿಯ ಟಪ್ಪಾಲು ಮನೆ

ಅಂಬಿಕಾನಗರದ ದಾರಿಯಲ್ಲಿ ಮರ ಬಿದ್ದು ಬಸ್ಸು ತಡವಾಗಿತ್ತು. ದಾಂಡೇಲಿ ನಿಲ್ದಾಣದ ಎದುರು ಸುವರ್ಣಾಳ ಚಹಾದಂಗಡಿಯಲ್ಲಿ ನಾವು ನಾಲ್ಕೈದು ಜನ ಸಂಜೆಯ ಮಳೆ ನೋಡುತ್ತ ಕೂತಿದ್ದೆವು. ಮೂಲೆಯ ಬೆಂಚಿನ ಮೇಲೆ ಅಡಿವೆಯ್ಯಜ್ಜ. ಒಂದು ಕಾಲಕ್ಕೆ ಸೂಪಾ ಕಡೆಯ ಹಳ್ಳಿಗಳಿಗೆ ಟಪ್ಪಾಲು ಚೀಲ ಹೊತ್ತು ನಡೆದವರು. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರುಗಳ ಮಾತನ್ನು ಯಾರೋ ತೆಗೆದರು. ಅಜ್ಜ ಬಟ್ಟಲು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಶುರುಮಾಡಿದರು.

"ನಮ್ಮೂರು ಶಿಂಗರಪಾಳಿ. ಈಗ ಯಾವ ನಕಾಶೆದಾಗೂ ಇಲ್ಲ... ನೀರು ಬಂದ ಮ್ಯಾಲ ಜನಾ ದಿಕ್ಕಾಪಾಲಾದ್ರು, ಕೆಲವರು ಹಳಿಯಾಳಕ್ಕ, ಕೆಲವರು ಮುಂಡಗೋಡ ಕಡೆ ಸನವಳ್ಳಿಗೆ, ಹೋದಲ್ಲೆ ಊರ ಹೆಸರು ಹೇಳೂದನ್ನೂ ಬಿಟ್ರು. ಹೇಳಿದ್ರ ಕೇಳವ್ರು ಯಾರು? ಹೋದ ಬ್ಯಾಸಗ್ಯಾಗ ವಿದ್ಯಾವತಿ ಅಂತ ಒಬ್ಬಾಕಿ ನನ್ನ ಹುಡುಕ್ಕೊಂತ ಬಂದ್ಲು. ಹಳಿಯಾಳದಾಕಿ, ಸಾಲಿ ಟೀಚರ್. ಆಕಿ ತಾಯಿ ಶಿವವ್ವ ನಮ್ಮೂರ ಅಂಗಡಿ ಮನಿ ಮಗಳು. ಮುದುಕಿ ಹಾಸಿಗಿ ಹಿಡದು, 'ನನ್ನ ನಮ್ಮೂರಿಗೆ ಒಯ್ರಿ' ಅಂತ ಹಟಾ ಹಿಡದಿದ್ಲಂತ. ಮಗಳು ಹಳೇ ದಫ್ತರ ಎಲ್ಲಾ ತಿರುವಿದ್ಲು... ಒಂದು ವರ್ಷದ ಟಪ್ಪಾಲು ದಫ್ತರದಾಗ ಊರ ಹೆಸರು ಐತಿ, ಮುಂದಿನದರಾಗ ಇಲ್ಲ. ಚೀಲಾ ಹೊರವ ಅಂತ ನನ್ನ ಹೆಸರು ಸಿಕ್ಕಿತ್ತು.

'ಅಜ್ಜಾರ, ಜಾಗಾ ಆದ್ರೂ ತೋರಸ್ರಿ. ಒಂದು ಹಿಡಿ ಮಣ್ಣು ಒಯ್ದು ಅವ್ವನ ಕೈಯಾಗ ಇಡ್ತೇನಿ,' ಅಂದ್ಲು. ಇಲ್ಲ ಅನ್ನಾಕ ಆಗ್ತೈತೇನು?

ಆಗ ನೀರು ಇಳದಿತ್ತು. ಜೀಪಿಳದು ನಡಕೊಂತ ಹೋದ್ವಿ... ಬಿರಕು ಬಿಟ್ಟ ಕೆಸರು, ಸತ್ತ ಮರದ ಬೊಡ್ಡಿ, ಮನಿಗೋಳ ಪಾಯಾ. ಮಟಮಟ ಮಧ್ಯಾಹ್ನ. ಟಪ್ಪಾಲು ಆಫೀಸಿನ ಕಲ್ಲಿನ ಮೆಟ್ಲ ಮ್ಯಾಲ ಧೋತರ ಉಟ್ಟವ್ರೊಬ್ರು ಕೂತಿದ್ರು. ನನ್ನ ಕಾಲು ಅಲ್ಲೇ ನಿಂತ್ವು. ಆಕಿ ಮುಂದ ಹೋದ್ಲು.

'ಯಾರ ಪೈಕಿ, ತಂಗಿ?' ಅಂದ್ರು ಅವರು.

'ಅಂಗಡಿ ಮನಿ ಶಿವವ್ವನ ಮಗಳ್ರಿ.'

'ಶಿವವ್ವ ಮುಂಜಾನೆನ ಬಂದಾಳಲ್ಲ. ಭಾಳ ದಣದಿದ್ಲು. ಈಗ ಕಣ್ಣು ಹತ್ತೇತಿ... ಎಬ್ಬಸಬ್ಯಾಡ.'

ಯಾರೋ ತಲಿ ಕೆಟ್ಟವ್ರು ಅಂತ ಆಕಿಗೆ ಅನಿಸಿರಬೇಕು. ಸುಮ್ಮನ ಮಣ್ಣು ತಗೊಂಡು ಸೆರಗಿನಾಗ ಕಟಗೊಂಡ್ಲು. ಜೋಯಿಡಾ ರಸ್ತೆ ಹತ್ತಿದ ಮ್ಯಾಲ ಫೋನಿಗೆ ನೆಟ್‌ವರ್ಕ್ ಬಂತು. ಆಕಿ ತಮ್ಮ ಈರೇಶ ಮಾತಾಡಿದ. 'ಅಕ್ಕಾ, ಅವ್ವ ಮುಂಜಾನೆ ಹೋದ್ಲು. ಎಷ್ಟು ಸಲ ಹಚ್ಚಿದೆ, ಹತ್ತಲಿಲ್ಲ.'

ಆಕಿ ಫೋನು ಮಡಿಲಾಗ ಇಟ್ಕೊಂಡ್ಲು. ಆಮ್ಯಾಲ, 'ಅಜ್ಜಾರ, ಮೆಟ್ಲ ಮ್ಯಾಲ ಕೂತವ್ರು ಯಾರು?' ಅಂದ್ಲು. 'ನಮ್ಮ ಪೋಸ್ಟ್ ಮಾಸ್ತರು, ಶೇಖಪ್ಪ. ಊರು ಬಿಟ್ಟ ವರ್ಷನ ಸನವಳ್ಳ್ಯಾಗ ತೀರಕೊಂಡ್ರು. ನಾನೂ ಹೆಗಲು ಕೊಟ್ಟೇನಿ,' ಅಂದೆ. ಆಕಿ ಸೆರಗಿನ ಗಂಟು ಬಿಗಿಯಾಗಿ ಹಿಡಕೊಂಡ್ಲು. ಆ ಮಣ್ಣು ಮುದುಕಿ ಕೈಯಾಗ ಇಟ್ಟು ಮಣ್ಣು ಮಾಡಿದ್ರು..."

ಬಸ್ಸು ಬಂದು ನಿಂತಿತು. ನಮ್ಮಲ್ಲಿ ಯಾರೂ ಏಳಲಿಲ್ಲ. ಸುವರ್ಣಾ ಒಲೆಯ ಉರಿ ತಗ್ಗಿಸಿ ಕೇಳಿದಳು, "ಈಗ ಅಲ್ಲೆಲ್ಲಾ ನೀರು ತುಂಬೇತಲ್ರಿ ಅಜ್ಜಾರ. ಮಾಸ್ತರು ಎಲ್ಲೆ ಇರ್ತಾರ?"

"ನನ್ನ ಬಾಗಲಕ್ಕ ಬರ್ತಾರವಾ," ಎಂದರು ಅಜ್ಜ. "ದೀಪಾ ಹಚ್ಚೂ ಹೊತ್ತಿಗೆ. 'ಅಡಿವೆಯ್ಯಾ, ನಿನ್ನ ಮನಿ ಕಸಾ ಹೊಡದು ಇಟ್ಟೇವಿ, ಯಾವಾಗ ಬರ್ತಿ?' ಅಂತ ಕೇಳ್ತಾರ. ಇಷ್ಟು ದಿನಾ ಏನರೆ ನೆವಾ ಹೇಳಿ ಕಳಸ್ತಿದ್ದೆ... ನಿನ್ನೆ ಭಾಳ ಸಾಕಾಗಿತ್ತು ನೋಡು. ಬರ್ತೇನಿ ಅಂದುಬಿಟ್ಟೆ."