ಎಪ್ಪತ್ತರ ನಂತರದ ಮನೆಗಾಡಿ

ಭಾನುವಾರದ ಪ್ರಾರ್ಥನೆ ಮುಗಿಸಿ, ಹೆದ್ದಾರಿಯ ಚಹಾದಂಗಡಿಯ ಸಾಲಿನಲ್ಲಿ ಒಬ್ಬನೇ ನಿಂತಿದ್ದೆ. ಹೊರಗೆ ಪೊಲೀಸರು ಪ್ರವಾಸಿಗರು ಒಳಗೇ ಉಂಡು ಮಲಗುವ ದೊಡ್ಡ ಮನೆಗಾಡಿಗಳನ್ನು ತಡೆದು ತೂಗುತ್ತಿದ್ದರು. ಮುಂದೆ ಹೆಂಡತಿಯೊಡನೆ ನಿಂತಿದ್ದ ವೃದ್ಧರೊಬ್ಬರು ಅದನ್ನು ಕಂಡು ಬಿಳಿಚಿಕೊಂಡರು.

"ನಮ್ಮದು ನಾಲ್ಕು ಟನ್ ಇದೆ, ನೆಸ್ಟಾ."

"ಇರ್ಲಿ ಬಿಡಿ. ಲೈಸೆನ್ಸ್ ಇದ್ಯಲ್ಲ?"

"ಎಪ್ಪತ್ತಾದ್ಮೇಲೆ ಮೂರೂವರೆ ಟನ್ ದಾಟಿದ್ದನ್ನ ಓಡಿಸ್ಬೇಕಂದ್ರೆ ಡಾಕ್ಟರ ಪರೀಕ್ಷೆ ಆಗ್ಬೇಕು. ನಾನು ಹೋಗ್ಲೇ ಇಲ್ಲ."

"ಯಾಕೆ, ಎಮ್ರಿಸ್?"

"ಎಡಗಣ್ಣು ಕಾಣಲ್ಲ."

"ಅಯ್ಯೋ ದೇವರೇ! ನಿನ್ನೆ ಬೆಟ್ಟದ ದಾರೀಲಿ ಮೊಮ್ಮಗಳು ನಿಮ್ಮ ಎಡಕ್ಕೇ ಕೂತಿದ್ಲು!"

"ಗೊತ್ತು."

"ಕೀಲಿ ಕೊಡಿ. ನನ್ನ ಹಳೇ ಲೈಸೆನ್ಸಲ್ಲಿ ಇಷ್ಟು ಭಾರದ ಗಾಡೀನೂ ಎಪ್ಪತ್ತರವರೆಗೆ ಓಡಿಸ್ಬಹುದು, ನನಗಿನ್ನೂ ಅರವತ್ತೆಂಟು."

"ಆ ಗಾಡಿ ನೀನು ಮುಟ್ಟೇ ಇಲ್ವಲ್ಲೇ!"

"ನನಗೆ ಎರಡೂ ಕಣ್ಣು ಕಾಣುತ್ತೆ."

ಆಕೆ ಕೀಲಿ ತೆಗೆದುಕೊಂಡರು. ಚಹಾ ಕೊಳ್ಳದೆ ಇಬ್ಬರೂ ಹೊರಟರು. ಬಾಗಿಲ ಬಳಿ ಆಕೆ ಮೆಲ್ಲನೆ ಅವರ ಎಡಬದಿಗೆ ಸರಿದು ನಡೆದರು.