ನಡುಗೋಡೆಯ ಸ್ಪೀಕರ್

ರೋಣದ ಬಸ್ ನಿಲ್ದಾಣದಲ್ಲಿ ಹೊಳೆಆಲೂರಿನ ಬಸ್ಸಿಗೆ ಕಾಯುತ್ತಿದ್ದ ಖಾಜಾಬಿಗೆ ಬೆನ್ನ ಹಿಂದಿನ ಬೆಂಚಿನ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಂದೇ ಮನೆಯನ್ನು ಪಾಲು ಮಾಡಿಕೊಂಡ ಅಣ್ಣತಮ್ಮಂದಿರೆಂದು ಮೊದಲ ಮಾತಿಗೇ ತಿಳಿಯಿತು.

“ಅಣ್ಣಾ, ಆ ಸ್ಪೀಕರ್ ನಡುಗ್ವಾಡಿಯಿಂದ ತಗಿ.”

“ಹ್ಯಾಂಗ ತಗೀಲಿ ದುರಗೇಶಾ? ಹೋಮ್ ಥಿಯೇಟರ್ ಅಂದ್ರ ಎರಡು ಸ್ಪೀಕರ್ ಬೆನ್ನ ಹಿಂದ ಇರಬೇಕು.”

“ನಿನ್ನ ಬೆನ್ನ ಹಿಂದ, ಗ್ವಾಡಿ ಈ ಕಡೆ ನಮ್ಮ ಪಾಲಿನಾಗ, ಅವ್ವ ಮಲಗೂ ಹೊರಸೈತಿ. ನಿನ್ನ ಸೋಫಾ ಆ ಕಡೆ ತಿರುಗಿಸು.”

“ತಿರುಗಿಸಿದ್ರ ಟಿವಿ ಮ್ಯಾಲ ಬಿಸಲು ಬೀಳ್ತೈತಿ. ನೀನ ಹೊರಸು ಸರಸು.”

“ಸರಸಿದ್ರ ತಲಿ ಉತ್ತರಕ್ಕ ಆಗ್ತೈತಿ. ಹಡದಾಕಿನ್ನ ಹಂಗ ಮಲಗಸ್ಲೇನು?”

“ನಿನಗ ಹೊಟ್ಟಿಕಿಚ್ಚು. ಅವ್ವಗ ಕಿವೀನ ಕೇಳಂಗಿಲ್ಲ, ಆಕಿಗೇನು ತ್ರಾಸು?”

ಖಾಜಾಬಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು, ತಿರುಗಿ ನೋಡಲಿಲ್ಲ.

“ಕಿವಿ ಕೇಳಂಗಿಲ್ಲ ಖರೇ. ಗ್ವಾಡಿ ನಡಗೂದು ತಿಳೀತೈತಿ. ‘ನಿಮ್ಮಣ್ಣ ಗ್ವಾಡಿ ಬಡದು ಕರಿಯಾಕತ್ತಾನ’ ಅಂತ ಎದ್ದು ಹೋಗಿ ಬಾಗಲಾ ತಗೀತಾಳ. ಪಾಲಾದ ಮ್ಯಾಲ ಒಮ್ಮೆರ ನಮ್ಮ ಹೊಸ್ತಿಲಾ ತುಳದಿಯೇನು ನೀ?”

ಗಜೇಂದ್ರಗಡದ ಬಸ್ ಬಂದು ನಿಂತಿತು.

“ಆತು, ನಾಳೆ ತಗಸ್ತೀನಿ. ಬಾಯಿ ಮುಚ್ಚು,” ಎನ್ನುತ್ತ ಅಣ್ಣ ಮೆಟ್ಟಿಲ ಮೇಲೆ ಕಾಲಿಟ್ಟ.

“ತಗಸಬ್ಯಾಡ!” ತಮ್ಮ ಹಿಂದಿನಿಂದ ಕೂಗಿದ. “ನೀ ಅಂತೂ ಕರಿಯಂಗಿಲ್ಲ. ಅದಾದ್ರೂ ದಿನಾ ಆಕಿನ್ನ ಕರೀತೈತಿ.”

ಬಸ್ ಹೊರಟಿತು. ಅದೇ ಊರಿಗೆ, ಅದೇ ಓಣಿಗೆ ಹೋಗಬೇಕಿದ್ದ ತಮ್ಮ ಮುಂದಿನ ಬಸ್ಸಿಗೆಂದು ಆಚೆ ಕಂಬದ ಬಳಿ ಹೋಗಿ ನಿಂತ.