ಹಗೇವಿನ ಮ್ಯಾಲ ಹೊರಸು

ಮನಿ ಮಾರಾವ ಮೊದಲು ಹಗೇವಿನ ಬಾಯಿ ತೆರೆದು ತೋರಿಸಬೇಕು, ಆಮ್ಯಾಲ ರೇಟಿನ ಮಾತು. ಇದು ನಮ್ಮ ಓಣಿಯ ನೇಮ, ಆ ವರ್ಷ ಓಣಿಗೆ ಓಣೀನ ಅದನ್ನ ಮುರೀತು. ಹಗೇವು ಅಂದ್ರ ನಿಮಗೆಲ್ಲಿ ಗೊತ್ತಿರಬೇಕು, ನೀವು ಡಬ್ಬ್ಯಾಗಿನ ಹಿಟ್ಟು ಕಂಡವರು. ನಡುಮನಿ ನೆಲದಾಗ ಆಳುದ್ದ ಕುಣಿ ತೋಡಿ, ಸುತ್ತ ಹುಲ್ಲು ಕಟ್ಟಿ, ವರ್ಷದ ಜ್ವಾಳ ಸುರುವಿ, ಮ್ಯಾಲ ಚಪ್ಪಡಿ ಎಳೆದು ಸಾರಿಸಿಬಿಡತಿದ್ರು. ಹಗೇವು ಒಣಗಿತ್ತಂದ್ರ ಮನಿ ಒಣಗಿದಂಗ. ಗ್ವಾಡಿ ಸುಳ್ಳು ಹೇಳತೈತಿ, ಸುಣ್ಣ ಸುಳ್ಳು ಹೇಳತೈತಿ, ಹಗೇವು ಹೇಳೂದಿಲ್ಲ.

ನಾ ಆಗ ಇಂಗ್ಲಿಷ್ ಸಾಲಿ ಮುಗಿಸಿ ನಮ್ಮ ಊರು ಹುಬ್ಬಳ್ಳ್ಯಾಗನ ಕಾರಕೂನಿಕಿಗೆ ಸೇರಿ ವರ್ಷ ತುಂಬಿರಲಿಲ್ಲ. ಯುದ್ಧದ ಮುಂಚೆ... ಅಲ್ಲ, ತಡೀರಿ, ಯುದ್ಧ ಸುರುವಾಗಿತ್ತು, ಸೀಮಿಎಣ್ಣಿಗೆ ಪಾಳಿ ಹಚ್ಚೂದು ನೆನಪೈತಿ. ಮಳಿ ಮೂರು ದಿವಸ ಒಂದೇ ಸಮ ಹೊಡೀತು. ಹಿಂದಿನ ಹಳ್ಳ ಹಿತ್ತಲಕ್ಕ ಬಂತು, ಹಿತ್ತಲದಿಂದ ಅಡಿಗಿಮನಿಗೆ, ಅಲ್ಲಿಂದ ನಡುಮನಿಗೆ. ಮಣ್ಣಿನ ಗ್ವಾಡಿ ನೋಡ್ರಿ, ನೀರಾಗ ನಿಂತ ಬೆಲ್ಲ ಇದ್ದಂಗ. ಎರಡು ಮನಿ ಕುಸದು ಕೂತವು. ನಮ್ಮದು ನಿಂತಿತು, ಆದರ ಹಗೇವಿಗೆ ನೀರು ಇಳಿದು ವರ್ಷದ ಜ್ವಾಳ ಹುಳಿತು ಗಬ್ಬೆದ್ದು, ಹೊರಗ ಸುರುವಿದ್ರ ದನಾನೂ ಮೂಸಲಿಲ್ಲ. ಮುಂದ ಇನ್ನೊಂದು ಸಂಕಟ. ಏರಿನ ಮ್ಯಾಲ ಮನಿ ಇದ್ದವರು ತಿಂಗಳೊಳಗ ಬಾಡಿಗಿ ಏರಿಸಿದ್ರು, ನಮ್ಮ ಓಣಿಗೆ ದಲಾಲಿ ಕಾಲು ಇಡವಲ್ಲ. ಅವ್ವಗ ದಮ್ಮು. ಈ ಹಸೀ ನೆಲದಾಗ ಇವರನ್ನ ಇಡಬ್ಯಾಡ್ರಿ, ಧಾರವಾಡಕ್ಕ ಕರಕೊಂಡು ಹೋಗ್ರಿ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ರು. ಹೋಗಬೇಕಂದ್ರ ಮನಿ ಮಾರಬೇಕು.

ಬ್ಯಾಸಿಗಿ ಬಂತು. ಮಗ್ಗಲಮನಿ ರುದ್ರಪ್ಪ ಕಾಕಾ ಓಣಿಯವರನ್ನೆಲ್ಲಾ ತನ್ನ ಕಟ್ಟಿಗೆ ಕರದ. ‘ಒಬ್ಬಾವ ಬಾಯಿ ಬಿಟ್ಟರ ಎಲ್ಲಾರ ಮನೀನೂ ಮಣ್ಣಿನ ರೇಟಿಗೆ ಹೋಗತಾವು. ಗ್ವಾಡಿಗೆ ಗಿಲಾವು ಮಾಡ್ರಿ, ಸುಣ್ಣಾ ಹಚ್ಚರಿ, ಹಗೇವು ಮುಚ್ಚಿ ಸಾರಸ್ರಿ. ಕೇಳಿದ್ರ, ಪ್ಯಾಟ್ಯಾಗ ಎಲ್ಲಿ ಹಗೇವುರಿ ಅನ್ರಿ.’ ನಮ್ಮ ಸೋದರತ್ತಿ ಗಂಗವ್ವ, ಅಪ್ಪನ ಅಕ್ಕ, ಗಂಡ ಸತ್ತ ಮ್ಯಾಲ ನಮ್ಮ ಮನ್ಯಾಗನ ಇದ್ದಾಕಿ, ಮಗ್ಗಲಕ್ಕ ನಮ್ಮ ಬಾಗಲದಾಗ ಕೂತು ಅಂದ್ಲು: ‘ರುದ್ರಪ್ಪಾ, ಸಣ್ಣಾವಿದ್ದಾಗ ನಮ್ಮ ಹಗೇವಿನಾಗ ಬಿದ್ದು ಹಲ್ಲು ಮುರಕೊಂಡಿದ್ದೆಲ್ಲೋ. ಆ ಹಲ್ಲು ಯಾವ ಪ್ಯಾಟ್ಯಾಗ ಹೋತು?’ ಎಲ್ಲಾರೂ ನಕ್ಕರು, ನಕ್ಕು ಸುಣ್ಣಾ ಕಲಸಾಕ ಎದ್ದರು. ಅಪ್ಪ ಚಪ್ಪಡಿ ಮ್ಯಾಲ ಸೆಗಣಿ ಸಾರಿಸಿ, ಅದರ ಮ್ಯಾಲ ಅವ್ವನ ಹೊರಸು ಹಾಕಿದ. ಜಡ್ಡಾದಾಕಿನ್ನ ಎಬ್ಬಿಸಿ ನೆಲ ಯಾರು ನೋಡ್ತಾರ? ಮತ್ತ ಮಾರಾಟದ ಕಾಗದ ಬರದಾವ ನಾನು. ‘ಸದರಿ ಮನೆಗೆ ನೀರಿನ ಬಾಧೆ ಇರುವುದಿಲ್ಲ.’ ಸಾಲ್ಯಾಗ ಒಂದು ಸುಳ್ಳಿಗೆ ಛಡಿ ಏಟು ತಿಂದಾವ, ನನ್ನ ಕೈಯಾರೆ ಬರದೆ, ಒಂದು ಅಕ್ಷರಾನೂ ಸೊಟ್ಟ ಆಗಲಿಲ್ಲ.

ಗಿರಾಕಿ ಸಿಕ್ಕ. ಸುಳ್ಳ ಅನ್ನೂ ಹಳ್ಳಿ ಕಡೆಯಾವ, ಫಕೀರಪ್ಪ ಅಂತ, ರೈಲ್ವೆ ವರ್ಕ್‌ಶಾಪಿನಾಗ ಫಿಟ್ಟರ್. ಸಂಗಾಟ ಹೆಂಡತಿ ನೀಲವ್ವ, ದಿನ ತುಂಬಾಕ ಬಂದಿದ್ದ ಬಸರಿ.

ಒಂದು ಮಾತು ಈಗಲೇ ಹೇಳಿಬಿಡ್ತೇನಿ, ಕಡೀಕ ನನ್ನ ಕಡಿಂದ ಆಗೂದಿಲ್ಲ. ಮನಿ ಮಾರಾಟ ಆಗಲಿಲ್ಲ. ಓಣ್ಯಾಗ ಯಾರದೂ ಆಗಲಿಲ್ಲ. ಅವ್ವ ಮುಂದಿನ ಮಳಿಗಾಲ ದಾಟಲಿಲ್ಲ, ಅದ ನಡುಮನ್ಯಾಗ ಹೋದ್ಲು. ಅಪ್ಪ ಸಾಯೂತನಕ ಅತ್ತಿ ಸಂಗಾಟ ಮಾತಾಡಲಿಲ್ಲ. ನನಗೂ ಭಾಳ ವರ್ಷ ಸಿಟ್ಟಿತ್ತು, ಈಗಿಲ್ಲ. ನಮ್ಮ ಪಾಲಿಗೆ ಬಂದ ಹಸಿ ನಾವ ಉಣಬೇಕು, ಮತ್ತೊಬ್ಬರ ತಾಟಿಗೆ ಬಡಸಬಾರದು, ಅಷ್ಟ.

ಫಕೀರಪ್ಪ ಗ್ವಾಡಿ ಬಡದು ನೋಡಿದ, ಛಲೋ ಐತಿ ಅಂದ. ಸಂಚಕಾರದ ಮುಂಗಡ ರೊಕ್ಕ ಕೊಡಾಕ ಅಂಗಿ ಕಿಸೆಕ್ಕ ಕೈ ಹಾಕಿದ. ನೀಲವ್ವ ಮೆಲ್ಲಕ ಕೇಳಿದ್ಲು, ‘ಹಗೇವು ಇಲ್ಲೇನ್ರಿ? ನಮ್ಮ ಹೊಲದ ಜ್ವಾಳ ಬರ್ತಾವರಿ.’ ರುದ್ರಪ್ಪ ಕಾಕಾ, ‘ಪ್ಯಾಟ್ಯಾಗ ಎಲ್ಲಿ ಹಗೇವು, ತಂಗಿ? ಚೀಲದಾಗ ಇಡು’ ಅಂದ. ಅಪ್ಪ ಮಾರಿ ತಿರುವಿದ. ನಾ ಕಾಗದ ಹಿಡಕೊಂಡು ನಿಂತಿದ್ದೆ. ಆಕಿ ‘ಹಂಗಾರ ನಾ ಇಲ್ಲೇ, ಈ ಮೂಲ್ಯಾಗ ಬಾಣಂತನ ಮಾಡಿಸಿಕೊಳ್ತೇನ್ರಿ, ತಂಪೈತಿ’ ಅಂದ್ಲು.

ಅತ್ತಿ ಎದ್ದು ಹಿತ್ತಲಕ್ಕ ಹೋಗಿ ಕಬ್ಬಿಣದ ಹಾರಿ ತಂದ್ಲು. ಅಪ್ಪ ‘ಅಕ್ಕಾ’ ಅಂದ. ಆಕಿ ತಿರುಗಿ ನೋಡಲಿಲ್ಲ. ಹೊರಸಿನ ಹಂತೇಕ ಬಗ್ಗಿ, ‘ಒಂದೀಟು ಏಳವಾ’ ಅಂದ್ಲು. ಅವ್ವ ಎದ್ದು ಗ್ವಾಡಿ ಹಿಡಕೊಂಡು ನಿಂತಳು. ಅತ್ತಿ ಹೊರಸು ಎಳದ್ಲು, ನೀಲವ್ವಗ ‘ಮೂಗಿಗೆ ಸೆರಗು ಹಿಡಿ, ತಂಗಿ’ ಅಂದ್ಲು, ಸಾರಿಸಿದ ಸೆಗಣಿ ಕೆದರಿ ಚಪ್ಪಡಿ ಕೆಳಗ ಹಾರಿ ಕೊಟ್ಟು ಮೀಟಿದ್ಲು.